ರಾಜಾಜಿನಗರದಲ್ಲೊಬ್ಬ ರಾಣಿ

ಎಪ್ಪತ್ತರ ದಶಕದ ರಾಜಾಜಿನಗರದಲ್ಲಿ ರಾಜನಿಗೆ ಕಿರೀಟ ಬೇಕಾದರೂ, ಋಷಿಗೆ ಗಡ್ಡ ಬೇಕಾದರೂ, ರಾಕ್ಷಸನಿಗೆ ಮೀಸೆ ಬೇಕಾದರೂ ಭಾಷ್ಯಂ ಸರ್ಕಲ್ಲಿನ ಹಿಂದಿನ ಅಡ್ಡರಸ್ತೆಗೇ ಬರಬೇಕಿತ್ತು. ಹಿಟ್ಟಿನ ಗಿರಣಿಗೂ ಸೈಕಲ್ ಅಂಗಡಿಗೂ ನಡುವಿನ ಸಣ್ಣ ಮಳಿಗೆಯಲ್ಲಿ ಡ್ರೆಸ್ ಶಿವಬಸಪ್ಪ ಕೂತಿರುತ್ತಿದ್ದ. ಡ್ರೆಸ್ ಅನ್ನುವುದು ಅವನ ಅಪ್ಪ ಇಟ್ಟ ಹೆಸರಲ್ಲ. ನಾಟಕದ ಉಡುಪು ಬಾಡಿಗೆಗೆ ಕೊಡುತ್ತಿದ್ದನಲ್ಲ, ಜನ ಅಂಟಿಸಿದರು, ಅಂಟಿಕೊಂಡಿತು. ಐವತ್ತೈದು ದಾಟಿದ, ಹೊಟ್ಟೆ ಬಂದ, ಹಣೆಯ ಮೇಲೆ ಮೂರು ಬೆರಳು ವಿಭೂತಿ ಇಟ್ಟ ಆಸಾಮಿ. ಆದರೆ ಕಿರೀಟವನ್ನು ಮೊಳೆಯಿಂದ ಇಳಿಸಿ ಗಿರಾಕಿಯ ಕೈಗೆ ಕೊಡುವಾಗ ಅವನ ಮಣಿಕಟ್ಟು ಹೇಗೆ ತಿರುಗುತ್ತಿತ್ತು ಅಂದರೆ, ಬಂದ ಹುಡುಗರು ಹೊರಗೆ ಹೋಗಿ ಒಬ್ಬರನ್ನೊಬ್ಬರು ತಿವಿದುಕೊಂಡು ನಗುತ್ತಿದ್ದರು. ಶಿವಬಸಪ್ಪನಿಗೆ ಅದು ಗೊತ್ತಿತ್ತು. ನಗುವವರು ನಗಲಿ, ಬಾಡಿಗೆ ಸರಿಯಾಗಿ ಕೊಟ್ಟರಾಯಿತು ಅಂತ ಸುಮ್ಮನಿದ್ದ.

ಆ ಮಣಿಕಟ್ಟಿಗೆ ಒಂದು ಕಾಲದಲ್ಲಿ ಊರೂರೇ ಸೋತಿತ್ತು. ಗದಗಿನ ಕಡೆಯ ನಾಟಕ ಕಂಪನಿಯೊಂದಕ್ಕೆ ಎಳೆಯ ವಯಸ್ಸಿನಲ್ಲೇ ಸೇರಿದ ಶಿವಬಸಪ್ಪ, ಮೀಸೆ ಮೂಡುವ ಮೊದಲೇ ಸ್ತ್ರೀ ಪಾರ್ಟಿಗೆ ನಿಂತವನು. ಆಗ ಹೆಂಗಸರು ರಂಗ ಹತ್ತುತ್ತಿರಲಿಲ್ಲ, ಗಂಡಸರೇ ಸೀರೆ ಉಡಬೇಕು. ಅವನು ರಾಣಿಯಾಗಿ ಬಂದರೆ ಟೆಂಟಿನ ಹಿಂದೆ ನಿಂತ ಗಾಡಿಯವರೂ ಬೀಡಿ ಆರಿಸುತ್ತಿದ್ದರಂತೆ. ನೋಡಲು ಬಂದ ಹೆಂಗಸರು ಅವನ ಸೆರಗಿನ ಮಡಿಕೆ ನೋಡಿ ಮನೆಗೆ ಹೋಗಿ ಹಾಗೇ ಉಡಲು ನೋಡುತ್ತಿದ್ದರಂತೆ. ಹೇಳಿದವನು ಅವನೇ ಆದ್ದರಿಂದ ಅರ್ಧ ಕಳೆದರೂ ಉಳಿದದ್ದು ಕಡಿಮೆಯೇನಲ್ಲ.

ಅವನಿಗೆ ಪಾರ್ಟು ಕಲಿಸಿದವನು ಉಗ್ರಪ್ಪ ಎಂಬ ಹಳೆಯ ನಟ. ಹೆಸರಿಗೆ ಉಗ್ರಪ್ಪ, ಆಡುತ್ತಿದ್ದದ್ದು ಪತಿವ್ರತೆಯರನ್ನು. ಅವನದೊಂದು ಕಟ್ಟಳೆ ಇತ್ತು. ಸ್ತ್ರೀ ಪಾರ್ಟಿನವನ ಟೋಪನ್, ಅಂದರೆ ತಲೆಗೆ ಕಟ್ಟುವ ಆ ಕೃತಕ ಕೂದಲು, ಪ್ರೇಕ್ಷಕರ ಎದುರು ಎಂದೂ ಕಳಚಬಾರದು. ನಾಟಕ ಮುಗಿದು ಮಂಗಳ ಹಾಡಿದ ಮೇಲೂ ಟೆಂಟು ಖಾಲಿಯಾಗುವವರೆಗೆ ಬಣ್ಣದ ಮನೆಯಲ್ಲೇ ಕೂತಿರಬೇಕು. "ಒಳಗಿನ ತಲಿ ಮಂದಿಗೆ ಕಂಡ್ರ ನೀ ಅತ್ತದ್ದು ಸುಳ್ಳು, ನಿನ್ನ ನೋಡಿ ಅವರು ಅತ್ತದ್ದೂ ಸುಳ್ಳು ಆಗತೈತಿ ತಮ್ಮಾ," ಅನ್ನುತ್ತಿದ್ದ ಉಗ್ರಪ್ಪ. ಒಮ್ಮೆ ಕುಷ್ಟಗಿಯಲ್ಲಿ ಗಾಳಿಗೆ ಟೆಂಟು ಹಾರಿ ಎಲ್ಲರೂ ದಿಕ್ಕಾಪಾಲಾಗಿ ಓಡಿದಾಗಲೂ ಆ ಮುದುಕ ಎರಡೂ ಕೈಯಲ್ಲಿ ಟೋಪನ್ ಹಿಡಿದುಕೊಂಡೇ ಓಡಿದ್ದನ್ನು ಶಿವಬಸಪ್ಪ ಕಣ್ಣಾರೆ ಕಂಡಿದ್ದ. ಆ ಕಟ್ಟಳೆಯನ್ನು ಅವನೂ ಮೀರಿದವನಲ್ಲ.

ಆಮೇಲೆ ಕಂಪನಿಗೆ ನಿಜವಾದ ಹೆಂಗಸರು ಬಂದರು. ಮಾಲೀಕರು ಶಿವಬಸಪ್ಪನ ಕೈಗೆ ಈಟಿ ಕೊಟ್ಟು ದ್ವಾರಪಾಲಕನನ್ನಾಗಿ ನಿಲ್ಲಿಸಿದರು. ನಿನ್ನೆಯವರೆಗೆ ತಾನು ಕೂತ ಸಿಂಹಾಸನದ ಪಕ್ಕದಲ್ಲಿ ಈಟಿ ಹಿಡಿದು ನಿಲ್ಲುವುದು ಎಂಥ ಸಂಕಟ ಅನ್ನುವುದು ನಿಂತವರಿಗೇ ಗೊತ್ತು. ಆ ಹೊತ್ತಿನಲ್ಲೇ ಅವನ ಮದುವೆಯೂ ಆಯಿತು. ಹೆಂಡತಿ ಗಿರಿಜಾದೇವಿ ರೋಣದ ಹತ್ತಿರದವಳು, ಮಾತು ಕಡಿಮೆ. ಮಗಳನ್ನು ನಾಟಕದ ಟೆಂಟಿಗೆ ಕರೆದುಕೊಂಡು ಹೋಗಬಾರದು ಅಂತ ಮಾವ ಮೊದಲೇ ಮಾತು ತೆಗೆದುಕೊಂಡಿದ್ದ. ಹೀಗಾಗಿ ಅಷ್ಟು ಊರಿನವರು ನೋಡಿದ ರಾಣಿಯನ್ನು ಮನೆಯವಳು ನೋಡಲಿಲ್ಲ. ಕಂಪನಿ ಮುಚ್ಚಿತು, ಒಂದು ಪೆಟ್ಟಿಗೆ ಉಡುಪಿನ ಜೊತೆ ಇಬ್ಬರೂ ಬೆಂಗಳೂರಿಗೆ ಬಂದರು, ಹೊಸಹಳ್ಳಿಯಲ್ಲಿ ಮನೆ ಹಿಡಿದರು, ಮಕ್ಕಳಾಗಲಿಲ್ಲ, ಹೀಗೇ ಮೂವತ್ತು ವರ್ಷ ಕಳೆಯಿತು. ಎಲ್ಲ ಸಂಕಟಗಳೂ ಒಂದೊಂದಾಗಿ ಮರೆತುಹೋದವು, ಅದೊಂದು ಉಳಿಯಿತು. ತಾನು ಏನಾಗಿದ್ದೆ ಅನ್ನುವುದನ್ನು ಗಿರಿಜಾ ಒಂದು ಸಲ, ಒಂದೇ ಒಂದು ಸಲ ನೋಡಬೇಕಿತ್ತು.

ಎಪ್ಪತ್ತನಾಲ್ಕನೇ ಇಸವಿಯ ಆಷಾಢದಲ್ಲಿ ಲಕ್ಷ್ಮೀಪತಿ ಅಂಗಡಿಗೆ ಬಂದ. ಆಷಾಢವೆಂದರೆ ಡ್ರೆಸ್ ಅಂಗಡಿಯಲ್ಲಿ ನೊಣ ಹೊಡೆಯುವ ಕಾಲ. ಲಕ್ಷ್ಮೀಪತಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ಮೇಷ್ಟರು, ಮೂವತ್ತೈದರ ಹರೆಯ, ಹೆಗಲಿಗೆ ಜೋಳಿಗೆ, ಮಾತಿಗೆ ನಿಂತರೆ ಮುಂದಿರುವ ಕಾಫಿ ತಣ್ಣಗಾಗಲೇಬೇಕು. ರಾಜಾಜಿನಗರದ ಕಲಾಸಂಘದ ಪರವಾಗಿ ಅವನೊಂದು ಪ್ರದರ್ಶನ ಕಟ್ಟುತ್ತಿದ್ದ. ಪಶ್ಚಿಮದ ನಾಟಕದ ಇಡೀ ಚರಿತ್ರೆಯನ್ನು, ಪ್ರಾಚೀನ ಗ್ರೀಕರಿಂದ ಹಿಡಿದು ರೊಮ್ಯಾಂಟಿಕರವರೆಗೆ, ಒಂದೇ ಮಧ್ಯಾಹ್ನದಲ್ಲಿ ತೋರಿಸುವುದು. ಮೈಕಿನ ಮುಂದೆ ನಿಂತು ಇವನು ವಿವರಿಸುತ್ತಾನೆ, ವೇದಿಕೆಯ ಮೇಲೆ ಕಾಲೇಜಿನ ಹುಡುಗರು ಒಂದೊಂದು ಕಾಲದ ಒಂದೊಂದು ತುಣುಕು ಆಡಿ ತೋರಿಸುತ್ತಾರೆ.

"ಡ್ರೆಸ್ಸು ಬೇಕೇ ಬೇಕು," ಅಂದ ಲಕ್ಷ್ಮೀಪತಿ. "ಆದ್ರೆ ನಾನು ಬಂದಿದ್ದು ಅದಕ್ಕಲ್ಲ. ನೀವು ಸ್ತ್ರೀ ಪಾರ್ಟ್ ಮಾಡ್ತಿದ್ರಂತೆ. ಈ ಕಡೆಯೆಲ್ಲ ಹುಡುಕಿದೀನಿ ಸಾರ್, ಇನ್ನು ನೀವೊಬ್ರೇ ಉಳಿದಿರೋದು."

"ಅಳಿದ ಊರಿಗೆ ಉಳಿದಾವನ ಗೌಡ ಅಂದಂಗಾತು ಬಿಡ್ರಿ," ಅಂದ ಶಿವಬಸಪ್ಪ. "ಆ ಅಂಗಡಿ ಮುಚ್ಚಿ ಭಾಳ ದಿನ ಆತು. ಈಗ ಈ ಅಂಗಡಿ ಅಷ್ಟ."

ಲಕ್ಷ್ಮೀಪತಿ ಒತ್ತಾಯ ಮಾಡಲಿಲ್ಲ. ಮರುದಿನ ಬಂದ, ಅದರ ಮರುದಿನವೂ ಬಂದ. ಬಂದವನು ಗ್ರೀಕರ ಸುದ್ದಿ ತೆಗೆಯುತ್ತಿದ್ದ. ಗುಡ್ಡದ ಇಳಿಜಾರನ್ನೇ ಮೆಟ್ಟಿಲು ಮೆಟ್ಟಿಲಾಗಿ ಕಡಿದು ಇಡೀ ಊರು ಕೂರುತ್ತಿತ್ತಂತೆ. ಹಾಡಹಗಲಲ್ಲಿ, ದ್ರಾಕ್ಷಾರಸದ ದೇವರ ಜಾತ್ರೆಯಲ್ಲಿ ನಾಟಕವಂತೆ. ಮೇಳದವರು ಹಾಡಿ ಕುಣಿದು ಕಥೆಗೆ ದನಿ ಕೊಟ್ಟರೆ, ಎರಡು ಮೂರು ನಟರೇ ಮುಖವಾಡ ಬದಲಿಸಿ ಬದಲಿಸಿ ಎಲ್ಲ ಪಾತ್ರಗಳನ್ನೂ ಹೊರುತ್ತಿದ್ದರಂತೆ. ರಾಣಿಯ ಮುಖವಾಡದ ಒಳಗೂ ಗಂಡಸೇ.

"ಅಲ್ಲೂ ಗಂಡಸರ ಏನ್ರಿ?" ಶಿವಬಸಪ್ಪ ಹೊಲಿಯುತ್ತಿದ್ದ ಜರಿಯಂಚನ್ನು ಕೆಳಗಿಟ್ಟ.

"ಅಲ್ಲೂ. ಎರಡೂವರೆ ಸಾವಿರ ವರ್ಷದ ಹಿಂದೆ."

ಆ ಮಾತು ಶಿವಬಸಪ್ಪನ ಒಳಗೆ ಹೋಗಿ ಕೂತಿತು. ಹುಡುಗರು ತಿವಿದುಕೊಂಡು ನಗುವ ಈ ಕಸುಬಿಗೆ ಅಷ್ಟು ಹಿಂದಿನ ಹಿರಿಯರಿದ್ದಾರೆ ಅಂದರೆ ಯಾರಿಗೆ ತಾನೆ ಎದೆ ಉಬ್ಬುವುದಿಲ್ಲ? ಅಂದಿನಿಂದ ಕಾಫಿ ಅವನೇ ತರಿಸತೊಡಗಿದ. ಲಕ್ಷ್ಮೀಪತಿ ರೋಮಿನವರನ್ನು ಬೇಗ ಮುಗಿಸಿ ಕ್ರೈಸ್ತ ಪಾದ್ರಿಗಳ ಕಾಲಕ್ಕೆ ಬಂದ. ನಾಟಕ ಪಾಪವೆಂದು ಹೇಳಿ ನಟರಿಗೆ ದೇವರ ಪ್ರಸಾದವನ್ನೂ ನಿಲ್ಲಿಸಿದವರು, ಕೆಲವು ನೂರು ವರ್ಷದ ಮೇಲೆ ತಾವೇ ಗುಡಿಯ ಒಳಗೆ ದೇವರ ಕಥೆ ಆಡತೊಡಗಿದರು. ಜನ ಹೆಚ್ಚಾಗಿ ಆಟ ಅಂಗಳಕ್ಕೆ ಬಂತು, ಅಲ್ಲಿಂದ ಬೀದಿಗೆ ಬಂತು, ಗಾಡಿಗಳ ಮೇಲೆ ಹತ್ತಿ ಊರು ಸುತ್ತಿತು. ಒಂದೊಂದು ಕಸುಬಿನವರಿಗೆ ಒಂದೊಂದು ಕಥೆ. ಪ್ರಳಯದ ಕಥೆ ಹಡಗು ಕಟ್ಟುವವರಿಗೆ. ಆಮೇಲೆ ಇಟಲಿಯ ಹಾಸ್ಯಗಾರರು, ತೊಗಲಿನ ಮುಖವಾಡ ಕಟ್ಟಿ, ಬರೆದ ಮಾತಿಲ್ಲದೆ ಹೊಳೆದದ್ದನ್ನೇ ಆಡುತ್ತ ಊರೂರು ತಿರುಗುವ ಕಂಪನಿಗಳು.

"ಕಂಪನಿ ಅಂದ್ರ ಎಲ್ಲಾ ಕಡೆ ಒಂದ ಹಣೇಬರಹ. ಗಂಟು ಮೂಟಿ, ಗಾಡಿ, ಉಪವಾಸ," ಅಂತ ಶಿವಬಸಪ್ಪ ನಕ್ಕ.

ದಿನಾ ಸಂಜೆ ಹೊಸಹಳ್ಳಿಗೆ ಹೋದವನು ಆವತ್ತು ಕೇಳಿದ್ದನ್ನೆಲ್ಲ ಗಿರಿಜಾದೇವಿಗೆ ಒಪ್ಪಿಸುತ್ತಿದ್ದ. ಅವಳು ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಹೂಂ ಅನ್ನುತ್ತಿರಲಿಲ್ಲ, ಊಹೂಂ ಅನ್ನುತ್ತಿರಲಿಲ್ಲ. ಮೌನವೇ ಸಮ್ಮತಿ ಅನ್ನುವ ಗಾದೆ ಮಾಡಿದವನು ಗಂಡಸೇ ಇರಬೇಕು. ಶಿವಬಸಪ್ಪ ಆ ಗಾದೆಯನ್ನು ನಂಬಿ, ಹೆಂಡತಿಗೆ ಗ್ರೀಕರ ರುಚಿ ಹತ್ತಿದೆ ಅಂತ ತಿಳಿದುಕೊಂಡ.

ಲಕ್ಷ್ಮೀಪತಿಯ ಕಥೆ ಲಂಡನ್ನಿಗೆ ಬಂದಾಗ ಶ್ರಾವಣ ಮುಗಿಯುತ್ತಿತ್ತು. ಮೇಲೆ ಚಾವಣಿಯಿಲ್ಲದ, ದುಂಡಗಿನ ಮರದ ನಾಟಕಶಾಲೆಗಳು. ಸೂರ್ಯನ ಬೆಳಕಲ್ಲಿ ಮಧ್ಯಾಹ್ನದ ಆಟ. ಕಾಸು ಕಡಿಮೆ ಕೊಟ್ಟವರು ನೆಲದ ಮೇಲೆ ನಿಂತು ನೋಡಬೇಕು. ಅಲ್ಲಿ ರಾಣಿಯರ ಪಾರ್ಟು ಮಾಡುತ್ತಿದ್ದವರು ಎಳೆಯ ಹುಡುಗರು. ದೊಡ್ಡ ನಟರ ಮನೆಯಲ್ಲಿದ್ದು, ಅವರ ಕೈಕೆಳಗೆ ಪಾರ್ಟು ಕಲಿಯುತ್ತಿದ್ದರು. ಬಳಿಕ ಮಡಿವಂತರು ನಾಟಕಶಾಲೆಗಳಿಗೆಲ್ಲ ಬೀಗ ಹಾಕಿಸಿದರು. ಹದಿನೆಂಟು ವರ್ಷದ ಮೇಲೆ ಹೊಸ ರಾಜ ಬಂದು ಬೀಗ ತೆಗೆಸಿದ. ತೆಗೆದ ಬಾಗಿಲಲ್ಲಿ ಹೆಂಗಸರು ಬಂದರು, ರಾಣಿಯ ಪಾರ್ಟು ಅವರದಾಯಿತು.

ಶಿವಬಸಪ್ಪ ಸೂಜಿಯನ್ನು ಜರಿಗೆ ಚುಚ್ಚಿಟ್ಟ. ಆಮೇಲೆ ಕೇಳಿದ, "ಅದಕೂ ಮೊದಲ ರಾಣಿ ಆಗಿದ್ದರಲ್ಲ, ಅವರು ಏನಾದರು?"

ಲಕ್ಷ್ಮೀಪತಿ ತಲೆ ಕೆರೆದುಕೊಂಡ. "ಒಂದಿಬ್ರ ವಿಚಾರ ಇದೆ ಅಷ್ಟೆ. ಮಿಕ್ಕವರದ್ದು ಪುಸ್ತಕದಲ್ಲಿ ಬರೆದಿಲ್ಲ ಸಾರ್."

"ಈಟಿ ಕೊಟ್ಟು ನಿಲ್ಲಿಸಿರಬೇಕು," ಅಂದ ಶಿವಬಸಪ್ಪ. ಅವನ ಕಣ್ಣು ಒದ್ದೆಯಾಗಿತ್ತು. "ಮಾಸ್ತರ್ರ, ನಾ ಮಾಡ್ತೇನಿ. ಒಂದ ಸಲ ಮಾಡ್ತೇನಿ. ನಮ್ಮ ಮನಿಯಾಕೀನ ಮುಂದಿನ ಸಾಲಿನ್ಯಾಗ ಕುಂಡ್ರಿಸಬೇಕು, ಅಷ್ಟ ನನ್ನ ಸಂಬಳ."

ಲಕ್ಷ್ಮೀಪತಿ ಕುಣಿದಾಡುವುದೊಂದು ಬಾಕಿ. ಮರುವಾರವೇ ಒಂದು ದೃಶ್ಯ ಬರೆದು ತಂದ. ಯುದ್ಧಕ್ಕೆ ಹೋದ ಮಗನ ಹೆಣವನ್ನು ಅರಮನೆಗೆ ತಂದು ಇಳಿಸಿದ್ದಾರೆ, ಮೇಲೆ ಬಟ್ಟೆ ಹೊದಿಸಿದೆ. ರಾಣಿ ಬರುತ್ತಾಳೆ. ಮಗನಿಗೆ ನಿದ್ದೆ ಬಂದಿದೆ ಅನ್ನುವ ಹಾಗೆ ಮಾತಾಡುತ್ತಾಳೆ, ಕೊನೆಗೆ ಬಟ್ಟೆ ಸರಿಸುತ್ತಾಳೆ. ಅಲ್ಲಿಗೆ ಪರದೆ. ಅದರ ಮುಂದಿನ ತುಣುಕು ಜಲಜಾ ಅನ್ನುವ ಬಿ.ಎ. ಹುಡುಗಿಯದು. ಅವಳು ಲಂಡನ್ನಿನ ರಂಗವೇರಿದ ಮೊದಲ ಹೆಂಗಸಾಗಿ ಬರಬೇಕು. ಮೆತ್ತಗಿನ ಹುಡುಗಿ, ಶಿವಬಸಪ್ಪನನ್ನು ಕಂಡರೆ ಅಜ್ಜನನ್ನು ಕಂಡ ಹಾಗೆ ಗೌರವ.

ಒಂದು ದಿನ ತಾಲೀಮು ಮುಗಿದ ಮೇಲೆ ಲಕ್ಷ್ಮೀಪತಿ ನಿಧಾನವಾಗಿ ಮಾತು ತೆಗೆದ. ದೃಶ್ಯ ಮುಗಿದಾಗ ಪರದೆ ಬೀಳುವುದು ಬೇಡ, ಜಲಜಾ ಬಂದು ಶಿವಬಸಪ್ಪನ ಟೋಪನ್ ತೆಗೆಯಲಿ, ಎರಡು ಸಾವಿರ ವರ್ಷ ಹೆಣ್ಣಿನ ಜಾಗದಲ್ಲಿ ನಿಂತವನು ಗಂಡು ಅಂತ ಜನಕ್ಕೆ ಒಂದೇ ಕ್ಷಣದಲ್ಲಿ ತಿಳಿದುಹೋಗುತ್ತದೆ, ನೂರು ಪುಟದ ಪಾಠ ಒಂದು ನೋಟದಲ್ಲಿ ಮುಗಿಯುತ್ತದೆ ಅಂದ.

ಶಿವಬಸಪ್ಪ ಕೂತಲ್ಲಿಂದ ಎದ್ದುಬಿಟ್ಟ. ಉಗ್ರಪ್ಪನ ಕಟ್ಟಳೆ ಹೇಳಿದ. ಕುಷ್ಟಗಿಯ ಗಾಳಿಯ ಕಥೆ ಹೇಳಿದ. "ಮಾಸ್ತರ್ರ, ಅದು ಆಗೋ ಮಾತಲ್ಲ. ನನ್ನ ಹೆಂಡತಿ ರಾಣೀನ ನೋಡಾಕ ಬರತಾಳ. ಬೋಳು ತಲಿ ಆಕಿ ದಿನಾ ನೋಡತಾಳ."

"ಆಯ್ತು ಬಿಡಿ, ಆಯ್ತು," ಅಂದ ಲಕ್ಷ್ಮೀಪತಿ, ಅವನ ಎರಡೂ ಕೈ ಹಿಡಿದುಕೊಂಡು. "ನಿಮ್ಮಾಣೆ, ಪರದೆ ಬೀಳುತ್ತೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಶಿವಬಸಪ್ಪ ಹಳೆಯ ಕಾಲದವನು, ಆಣೆಯನ್ನು ಆಣೆ ಅಂತಲೇ ತಿಳಿದ.

ದಸರೆ ಕಳೆದ ಒಂದು ಭಾನುವಾರ, ಶಾಲೆಯೊಂದರ ಸಭಾಂಗಣದಲ್ಲಿ ಪ್ರದರ್ಶನ. ಲಂಡನ್ನಿನವರ ಹಾಗೆ ನಾವೂ ಮಧ್ಯಾಹ್ನವೇ ಆಡೋಣ ಅಂತ ಮೂರು ಗಂಟೆಗೇ ಇಟ್ಟಿದ್ದರು. ಪಂಚೆ ಉಟ್ಟು ಗ್ರೀಕರಾದ ಹುಡುಗರು ಕಾಗದದ ತಿರುಳಿನ ಮುಖವಾಡ ಕಟ್ಟಿಕೊಂಡು ಓಡಾಡುತ್ತಿದ್ದರು. ಶಿವಬಸಪ್ಪ ಬೆಳಗಿನಿಂದ ಊಟ ಮಾಡಿರಲಿಲ್ಲ. ಬಣ್ಣದ ಪೆಟ್ಟಿಗೆಗೆ ಊದುಬತ್ತಿ ಬೆಳಗಿ, ಕನ್ನಡಿಯ ಮುಂದೆ ಕೂತು, ಹುಬ್ಬು ತಿದ್ದಿ, ತುಟಿಗೆ ಬಣ್ಣ ಇಟ್ಟು, ನೆರಿಗೆ ಹಿಡಿದು ಉಟ್ಟ. ಟೋಪನ್ ಇಟ್ಟುಕೊಂಡು ಹಿಂದಿನ ದಾರ ಕಟ್ಟಲು ಕೈ ಎತ್ತಿದಾಗ ಬಾಗಿಲಲ್ಲಿ ಗಿರಿಜಾದೇವಿ ನಿಂತಿದ್ದಳು.

ಅವಳು ಬಣ್ಣದ ಮನೆಯ ಹೊಸ್ತಿಲು ತುಳಿದದ್ದು ಅದೇ ಮೊದಲು. ಶಿವಬಸಪ್ಪನಿಗೆ ನಾಚಿಕೆಯಾಯಿತು, ಸಂತೋಷವೂ ಆಯಿತು.

"ತಡೀರಿ, ನಾ ಕಟ್ಟತೇನಿ," ಅಂದಳು ಗಿರಿಜಾದೇವಿ. ಹಿಂದೆ ನಿಂತು ದಾರ ಕಟ್ಟಿದಳು. ಮೂವತ್ತು ವರ್ಷದಲ್ಲಿ ಆ ಟೋಪನ್ನನ್ನು ಒಂದು ದಿನವೂ ಮುಟ್ಟದವಳು, ಪೆಟ್ಟಿಗೆಯ ಧೂಳು ಒರೆಸುವಾಗಲೂ ಅದರ ಸುತ್ತ ಒರೆಸಿ ಬಿಡುತ್ತಿದ್ದವಳು, ಈಗ ತಾನೇ ಕಟ್ಟುತ್ತಿದ್ದಾಳೆ. ಶಿವಬಸಪ್ಪ ಕನ್ನಡಿಯಲ್ಲೇ ಅವಳ ಮುಖ ನೋಡಿದ.

"ಛಂದಂಗ ನೋಡು ಹಾಂ, ಗಿರಿಜಾ," ಅಂದ.

"ಮುಂದಿನ ಸಾಲಿನ್ಯಾಗ ಕುಂಡ್ರತೇನಿ," ಅಂತಷ್ಟೇ ಹೇಳಿ ಅವಳು ಹೋದಳು.

ಗ್ರೀಕರು ಬಂದರು, ಹೋದರು. ಗಾಡಿಯ ಮೇಲಿನ ದೇವದೂತನ ಒಂದು ರೆಕ್ಕೆ ಕಿತ್ತು ಬಿದ್ದು ಜನ ನಕ್ಕರು. ಇಟಲಿಯ ಹಾಸ್ಯಗಾರರಿಗೆ ನಗಬೇಕಾದವರು ನಗಲಿಲ್ಲ. ಆಮೇಲೆ ಲಕ್ಷ್ಮೀಪತಿ ಮೈಕಿನಲ್ಲಿ ಲಂಡನ್ ಅಂದ. ಶಿವಬಸಪ್ಪ ಮನಸ್ಸಿನಲ್ಲೇ ಉಗ್ರಪ್ಪನಿಗೆ ಕೈಮುಗಿದು ರಂಗದ ಮೇಲೆ ಕಾಲಿಟ್ಟ.

ಮೊದಲು ಹಿಂದಿನ ಸಾಲಿನಿಂದ ಯಾರೋ ಶಿಳ್ಳೆ ಹಾಕಿದರು. ರಾಣಿ ಅತ್ತ ತಿರುಗಲೂ ಇಲ್ಲ. ಮಗನ ಹೆಣದ ಹತ್ತಿರ ಹೋಗಿ, ಹೊದಿಕೆಯ ಅಂಚನ್ನು ನೆಟ್ಟಗೆ ಮಾಡಿ, ಹೊರಗೆ ಮಂಜು ಬೀಳುತ್ತಿದೆ, ಇನ್ನೂ ಸ್ವಲ್ಪ ಹೊತ್ತು ಮಲಗು ಅಂದಳು. ಎರಡನೆಯ ಶಿಳ್ಳೆ ಬರಲಿಲ್ಲ. ಸಣ್ಣವನಿದ್ದಾಗ ಕುದುರೆಯಿಂದ ಬಿದ್ದು ಅತ್ತದ್ದನ್ನು ನೆನೆದು ಅವಳು ನಕ್ಕಳು. ನಗುತ್ತಲೇ ಹೊದಿಕೆ ಸರಿಸಿದಳು. ಅವಳು ಕೂಗಲಿಲ್ಲ. ಬಲಗೈ ಮಾತ್ರ ಮೆಲ್ಲಗೆ ಎದ್ದು ಬಾಯಿಗೆ ಬಂದು ನಿಂತಿತು. ಸಭಾಂಗಣದಲ್ಲಿ ಯಾರೋ ಹೆಂಗಸು ಬಿಕ್ಕಿದ್ದು ಕೇಳಿಸಿತು. ಶಿವಬಸಪ್ಪನ ಮೈಯೆಲ್ಲ ಜುಮ್ಮೆಂದಿತು. ಆ ಹೊಟ್ಟೆ, ಆ ವಯಸ್ಸು, ಆ ಅಂಗಡಿ, ಎಲ್ಲ ಕಳಚಿಬಿದ್ದು ಅವನು ಮತ್ತೆ ಅವನಾಗಿದ್ದ. ಗಿರಿಜಾ ನೋಡುತ್ತಿದ್ದಾಳೆ ಅನ್ನುವುದೊಂದೇ ಅವನ ಮನಸ್ಸಿನಲ್ಲಿತ್ತು. ಬಾಯಿಗೆ ಕೈ ಇಟ್ಟ ಭಂಗಿಯಲ್ಲೇ ನಿಂತು ಪರದೆಗೆ ಕಾದ.

ಪರದೆ ಬೀಳಲಿಲ್ಲ.

ಬದಲಿಗೆ ಬೆನ್ನ ಹಿಂದೆ ಗೆಜ್ಜೆಯಿಲ್ಲದ ಹೆಜ್ಜೆ ಕೇಳಿಸಿತು. ಮೈಕಿನಲ್ಲಿ ಲಕ್ಷ್ಮೀಪತಿಯ ದನಿ, "ಮಹನೀಯರೇ, ಎರಡು ಸಾವಿರ ವರ್ಷ ನೀವು ನೋಡಿದ ಹೆಣ್ಣು ಇವಳು. ಈಗ ನೋಡಿ." ಕತ್ತಿನ ಹಿಂದೆ ದಾರ ಎಳೆದ ಹಾಗಾಯಿತು. ಶಿವಬಸಪ್ಪ ತನ್ನ ದಾರಕ್ಕೆ ಯಾವಾಗಲೂ ಎರಡು ಗಂಟು ಹಾಕುವವನು, ಗಾಳಿಗಿರಲಿ, ಕೈಯಿಂದ ಎಳೆದರೂ ಬಿಚ್ಚಬಾರದು. ಅವತ್ತು ಒಂದೇ ಎಳೆತಕ್ಕೆ ಸಡಿಲವಾಗಿ ಟೋಪನ್ ಜಲಜಾಳ ಕೈಗೆ ಹೋಯಿತು.

ಮಧ್ಯಾಹ್ನದ ಬೆಳಕು ಕಿಟಕಿಯಿಂದ ನೇರವಾಗಿ ಅವನ ಬೋಳು ತಲೆಯ ಮೇಲೆ ಬಿತ್ತು. ಕೆಳಗೆ ಕಾಡಿಗೆ, ತುಟಿಬಣ್ಣ, ಜರಿ ಸೆರಗು. ಆಮೇಲೆ ಇಡೀ ಸಭಾಂಗಣ ಗೊಳ್ಳೆಂದಿತು. ಬಿಕ್ಕಿದ ಆ ಹೆಂಗಸೂ ನಕ್ಕಿರಬೇಕು. ನಗುವಿನ ಬೆನ್ನಿಗೇ ಚಪ್ಪಾಳೆ ಬಂತು, ಎದ್ದು ನಿಂತು ತಟ್ಟಿದರು, ಶಿಳ್ಳೆಗಳು ಹಾರಿದವು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗೆ ಅನ್ನುತ್ತಾರಲ್ಲ, ಶಿವಬಸಪ್ಪ ಎಡವಿರಲಿಲ್ಲ, ಅವನನ್ನು ನಂಬಿಸಿ ನೂಕಿದ್ದರು. ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು ಅವನು ಒಳಗೆ ಓಡಿದ.

ಜಲಜಾ ಹಿಂದೆಯೇ ಬಂದಳು, ಮುಖ ಬೆಳ್ಳಗಾಗಿತ್ತು. "ಸಾರ್, ನೀವು ಒಪ್ಪಿದೀರ ಅಂತ ಮೇಷ್ಟ್ರು ಹೇಳಿದ್ರು. ದೇವರಾಣೆ, ನಂಗೆ ಗೊತ್ತಿರ್ಲಿಲ್ಲ ಸಾರ್."

ಶಿವಬಸಪ್ಪ ಟೋಪನ್ ಇಸಿದುಕೊಂಡು, ಅವಳ ಮೇಲೆ ಸಿಟ್ಟಾಗಲೂ ಆಗದೆ, ಮೂಲೆಯ ಬೆಂಚಿನ ಮೇಲೆ ಕೂತ. ಹೊರಗೆ ಪ್ರದರ್ಶನ ನಡೆದೇ ಇತ್ತು. ಫ್ರಾನ್ಸಿನ ಅರಮನೆಯ ಪಂಡಿತರು ಬಂದು ನಾಟಕಕ್ಕೆ ಒಂದೇ ಜಾಗ, ಒಂದೇ ದಿನ, ಒಂದೇ ಕಥೆ ಅಂತ ನಿಯಮ ಸಾರಿದರು. ಆಮೇಲೆ ತಗಡಿನ ಗುಡುಗು ಮೊಳಗಿತು, ಆ ನಿಯಮಗಳನ್ನು ಮುರಿಯುವ ರೊಮ್ಯಾಂಟಿಕರು ಬಂದರು. ಪ್ಯಾರಿಸ್ಸಿನಲ್ಲಿ ಹಳೆಯವರೂ ಹೊಸಬರೂ ನಾಟಕಶಾಲೆಯಲ್ಲೇ ಬಡಿದಾಡಿಕೊಂಡ ದೃಶ್ಯಕ್ಕೆ ಹುಡುಗರು ಕುರ್ಚಿ ಎತ್ತಿ ಹಾಕಿದರು. "ನಿಯಮ ಮುರಿದಾಗಲೇ ಕಲೆ ಹುಟ್ಟೋದು!" ಅಂತ ಲಕ್ಷ್ಮೀಪತಿ ಮೈಕಿನಲ್ಲಿ ಕೂಗಿದ. ಬೆಂಚಿನ ಮೇಲೆ ಕೂತ ಶಿವಬಸಪ್ಪ ಅದನ್ನು ಕೇಳಿಸಿಕೊಂಡ.

ಎಲ್ಲ ಮುಗಿದ ಮೇಲೆ ಲಕ್ಷ್ಮೀಪತಿ ಬೆವರು ಒರೆಸಿಕೊಳ್ಳುತ್ತ, ನಗುತ್ತ ಒಳಗೆ ಬಂದ. "ಚಪ್ಪಾಳೆ ಕೇಳಿದ್ರಾ ಶಿವಬಸಪ್ಪನವ್ರೇ? ಇಡೀ ಪ್ರದರ್ಶನಕ್ಕೆ ಬಿದ್ದಿದ್ದು ಒಂದು ಕಡೆ, ನಿಮಗೆ ಬಿದ್ದಿದ್ದು ಒಂದು ಕಡೆ!"

"ನನ್ನ ಆಣಿ ಮಾಡಿದ್ರಿ."

"ಹೌದು, ತಪ್ಪಾಯ್ತು. ಆದ್ರೆ ನೀವೇ ಯೋಚನೆ ಮಾಡಿ, ಆ ಕ್ಷಣ..."

"ಮಾತು ಕೊಟ್ಟಿದ್ರಿ ನೀವು!" ಶಿವಬಸಪ್ಪನ ದನಿಗೆ ಕನ್ನಡಿಯ ಮುಂದಿದ್ದ ಹುಡುಗರೆಲ್ಲ ತಿರುಗಿದರು. "ನನ್ನ ಅಂಗಡ್ಯಾಗ ಕುಂತು, ನನ್ನ ಕಾಫಿ ಕುಡದು, ಗ್ರೀಕರು ನಿಮ್ಮ ಹಿರ್ಯಾರು ಅಂತ ಹೇಳಿ, ಕಡೀಕ ಮಂಗ್ಯಾನ್ನ ಕುಣಿಸಿದಂಗ ಕುಣಿಸಿದ್ರಲ್ಲ! ಪಾಠ ಹೇಳಾಕ ನಿಮಗ ಒಂದು ತಲಿ ಬೇಕಾಗಿತ್ತು. ನನ್ನ ತಲಿ ಸಿಕ್ಕತು."

ಲಕ್ಷ್ಮೀಪತಿಯ ನಗು ಇಳಿಯಿತು. ಕಾಲಿನತ್ತ ನೋಡುತ್ತ ಮೆಲ್ಲಗೆ ಹೇಳಿದ, "ನಾನು ಯಾರನ್ನೂ ಕೇಳ್ದೆ ಮಾಡ್ಲಿಲ್ಲ ಸಾರ್. ಹೋದ ವಾರ ನೀವಿಲ್ದಾಗ ಮನೆಗೆ ಬಂದಿದ್ದೆ, ನಿಮ್ಮನ್ನ ಒಪ್ಪಿಸಿ ಅಂತ ಅಮ್ಮಾವ್ರನ್ನ ಕೇಳೋಣ ಅಂತ. ಅವರನ್ನ ಕೇಳ್ಬೇಡಿ, ಮಾಡಿ ಅಂತ ಅಮ್ಮಾವ್ರೇ ಅಂದ್ರು."

"ಸುಳ್ಳ ಹೇಳಬ್ಯಾಡ್ರಿ," ಅಂದ ಶಿವಬಸಪ್ಪ. ಕೆನ್ನೆಗೆ ಹೊಡೆಯಲು ಎತ್ತಿದ ಕೈಯನ್ನು ತಾನೇ ಇಳಿಸಿಕೊಂಡ.

ಬಾಗಿಲ ಹೊರಗೆ ಗಿರಿಜಾದೇವಿ ಕಾಯುತ್ತಿದ್ದಳು. ಇಬ್ಬರೂ ಬಸ್ಸು ಹತ್ತಲಿಲ್ಲ. ಮಾಗಡಿ ರಸ್ತೆ ದಾಟಿ ಹೊಸಹಳ್ಳಿಯವರೆಗೆ ನಡೆದೇ ಬಂದರು. ಅದು ನಿಜವೇ ಅಂತ ಅವಳನ್ನು ಕೇಳಿದರೆ ಇಲ್ಲ ಅಂದುಬಿಡುತ್ತಾಳೆ, ಆಗ ಮೇಷ್ಟರಿಗೆ ಶಾಪ ಹಾಕಿ ಹಗುರಾಗಬಹುದು ಅನ್ನಿಸುತ್ತಿತ್ತು. ಆದರೂ ಕೇಳುವ ಧೈರ್ಯ ಬರಲಿಲ್ಲ. ಕತ್ತಿನ ಹಿಂದೆ ದಾರ ಜಾರಿದ ಆ ಗಳಿಗೆಯನ್ನೇ ಮನಸ್ಸು ತಡಕುತ್ತಿತ್ತು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅವಳು ತಂಬಿಗೆಯಲ್ಲಿ ನೀರು ತಂದಿಟ್ಟಳು. ಅವನು ನೀರು ಮುಟ್ಟಲಿಲ್ಲ.

"ಗಂಟು ನೀ ಸಡ್ಲ ಕಟ್ಟಿದ್ದೇನು?"

"ಹೂಂ," ಅಂದಳು ಗಿರಿಜಾದೇವಿ. ಮೂವತ್ತು ವರ್ಷದಲ್ಲಿ ಅವಳು ಇಷ್ಟು ಬೇಗ ಯಾವುದಕ್ಕೂ ಹೂಂ ಅಂದಿರಲಿಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಯಾರಿಗೆ ದೂರು ಕೊಡುವುದು? ಶಿವಬಸಪ್ಪನ ಬಾಯಲ್ಲಿ ಒಂದೇ ಮಾತು ಬಂತು, "ಯಾಕ?"

ಅವಳು ಗೋಡೆಗೆ ಒರಗಿ ಕೂತಳು. ಆಮೇಲೆ ಆಡಿದ್ದು ಅಷ್ಟೂ ದಿನ ಹೊಟ್ಟೆಯಲ್ಲಿಟ್ಟುಕೊಂಡದ್ದು.

"ಲಗ್ನದ ದಿನ ನಮ್ಮ ಊರ ಹೆಂಗಸರು ಏನ್ ಹಾಡು ಹಾಡಿದ್ರು ಗೊತ್ತೇನ್ರಿ? ಒಂದ ಹಂದರದಾಗ ಇಬ್ಬರು ಮದುವಣಗಿತ್ತೇರು, ಯಾರ ಕೊರಳಿಗೆ ಯಾರು ತಾಳಿ ಕಟ್ಟತಾರ ಅಂತ. ನೀವು ಕೇಳಿ ನಕ್ಕಿರಿ. ನಾ ಸೆರಗ ಬಾಯಾಗ ತುರಕೊಂಡು ಅತ್ತೆ. ಮಕ್ಕಳಾಗಲಿಲ್ಲ. ಇಬ್ಬರು ಹೆಂಗಸರು ಇರೋ ಮನ್ಯಾಗ ತೊಟ್ಟಿಲು ಹೆಂಗ ತೂಗತೈತಿ ಅಂದ್ರು. ಅದನ್ನೂ ನೀವು ಕೇಳೀರಿ, ಮಂದಿ ಬಾಯಿಗಿ ಯಾರು ಬೀಗ ಹಾಕಬೇಕು ಅಂದ್ರಿ. ಅಂಗಡ್ಯಾಗ ಹುಡುಗರು ನಗೋದು ಈ ಓಣಿತನಕ ಬಂದೈತಿ. ನಿಮಗ ಅದು ನಗಿ. ನನಗ ಬದುಕು. ನನ್ನ ಗಂಡ ಗಂಡಸ ಅನ್ನೂದನ್ನ ಒಂದ ಸಲ, ಎಲ್ಲಾರ ಮುಂದ, ಯಾರರ ತೋರಿಸಲಿ ಅಂತ ಬೇಡಿಕೊಂಡಿದ್ದೆ. ಆ ಮಾಸ್ತರ ಬಂದು ಕೇಳಿದ. ಮಾಡ್ರಿ ಅಂದೆ."

ಶಿವಬಸಪ್ಪನಿಗೆ ಕೂಗಾಡಬೇಕೆನ್ನಿಸಿತು. ಆಗಲಿಲ್ಲ. ಮೂವತ್ತು ವರ್ಷ ಒಂದೇ ಸೂರಿನ ಕೆಳಗೆ ಇವಳು ತನ್ನ ರಾಣಿಯನ್ನು ಸವತಿಯ ಹಾಗೆ ಸಹಿಸಿದ್ದಳು. ಅವನಿಗೆ ಅದು ಒಂದು ದಿನವೂ ಹೊಳೆದಿರಲಿಲ್ಲ. ತಾನು ಮೋಸ ಹೋದೆ ಅನ್ನುವುದು ನಿಜ. ಎಂದಿನಿಂದ ಮೋಸ ಹೋಗುತ್ತಿದ್ದೆ ಅನ್ನುವುದನ್ನು ಲೆಕ್ಕ ಹಾಕಲು ಹೋಗಿ ಅವನಿಗೆ ಭಯವಾಯಿತು.

ಆದರೂ ಒಳಗಿನ ನಟ ಹಠಮಾರಿ. ಮನೆ ಸುಡುತ್ತಿದ್ದರೂ ನನ್ನ ಪಾರ್ಟು ಹೇಗಿತ್ತು ಅಂತ ಕೇಳುವ ಜಾತಿ ಅದು.

"ಆತು, ಹೋಗಲಿ," ಅಂದ ಶಿವಬಸಪ್ಪ. ಅವನ ದನಿ ಅವನಿಗೇ ಕೇಳಿಸಲಿಲ್ಲ. "ಅದಕ್ಕೂ ಮೊದಲ... ರಾಣಿ ಹೆಂಗಿದ್ದಳು? ಅದನ್ನರ ಹೇಳು."

ಗಿರಿಜಾದೇವಿ ಅವನನ್ನು ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ತಡೆಯಲಾಗದ್ದು.

"ನಾ ನೋಡಲಿಲ್ರಿ," ಅಂದಳು. "ನೀವು ರಂಗದ ಮ್ಯಾಲ ಬಂದ ಕೂಡಲೇ ತಲಿ ಕೆಳಗ ಹಾಕಿದೆ. ಮಂದಿ ನಕ್ಕಾಗ ಎತ್ತಿದೆ. ಆವಾಗ ನೋಡಿದೆ." ಸ್ವಲ್ಪ ತಡೆದು, ಹೊಸದಾಗಿ ಮದುವೆಯಾದವಳ ಹಾಗೆ ನಾಚಿಕೊಂಡು, "ಛಲೋ ಕಂಡ್ರಿ ನನಗ," ಅಂದಳು.

ಶಿವಬಸಪ್ಪ ತಂಬಿಗೆ ಎತ್ತಿ ನೀರು ಕುಡಿದ. ಅವನು ಆಮೇಲೆ ಹನ್ನೊಂದು ವರ್ಷ ಬದುಕಿದ, ಅಂಗಡಿಯನ್ನೂ ನಡೆಸಿದ. ಆ ಮಾತಿಗೆ ಏನನ್ನಬೇಕಾಗಿತ್ತು ಅನ್ನುವುದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ.